ವಿಒ2 ಮ್ಯಾಕ್ಸ್ ಅಂದರೇನು? ದಮ್ಮಿಗೊಂದು ಅಳತೆ

"ಅವನಿಗೆ ಒಳ್ಳೆ ದಮ್ಮಿದೆ ಕಣ್ರೀ" ಅಂತೀವಲ್ಲ, ಆ ದಮ್ಮನ್ನು ಅಳೆಯೋಕೆ ಆಗುತ್ತಾ? ಆಗುತ್ತದೆ. ಎಂ.ಪಿ.ಎಡ್., ಅಂದರೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ ಓದುವವರಿಗೆ ಎಕ್ಸರ್‌ಸೈಜ್ ಫಿಸಿಯಾಲಜಿ ಪೇಪರಿನಲ್ಲಿ ಈ ಅಳತೆ ಸಿಗುತ್ತದೆ. ಹೆಸರು ವಿಒ2 ಮ್ಯಾಕ್ಸ್. ಬಾಯಲ್ಲಿ ಹೇಳುವಾಗ "ವಿಓಟೂ ಮ್ಯಾಕ್ಸ್". ಈಗಂತೂ ಕೈಗೆ ಕಟ್ಟುವ ಸ್ಮಾರ್ಟ್‌ವಾಚೂ ಇದನ್ನು ತೋರಿಸುತ್ತದೆ. ಬೆಳಗಿನ ವಾಕಿಂಗ್ ಮುಗಿಸಿ ಬಂದವರು "ನನಗೆ 38 ಬಂದಿದೆ, ಒಳ್ಳೇದಾ?" ಅಂತ ಕೇಳುತ್ತಾರೆ. ಒಳ್ಳೇದೋ ಕೆಟ್ಟದ್ದೋ ಹೇಳುವ ಮೊದಲು ಆ 38 ಯಾವುದರ ಲೆಕ್ಕ ಅಂತ ತಿಳಿಯಬೇಕು, ಅಲ್ವಾ?

ಪದವನ್ನು ಬಿಡಿಸಿ ನೋಡೋಣ. ವಿ ಅಂದರೆ ವಾಲ್ಯೂಮ್, ಅಂದರೆ ಪ್ರಮಾಣ. ಒ2 ಅಂದರೆ ಆಮ್ಲಜನಕ. ಮ್ಯಾಕ್ಸ್ ಅಂದರೆ ಗರಿಷ್ಠ. ಪುಸ್ತಕದಲ್ಲಿ ಗಮನವಿಟ್ಟು ನೋಡಿದರೆ ವಿ ಅಕ್ಷರದ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ. ಪರೀಕ್ಷೆಯಲ್ಲಿ ಬಹಳ ಜನ ಅದನ್ನು ಬಿಟ್ಟೇ ಬರೆಯುತ್ತಾರೆ. ಆದರೆ ಅರ್ಥ ಇರುವುದೇ ಆ ಚುಕ್ಕೆಯಲ್ಲಿ. "ಒಂದು ನಿಮಿಷಕ್ಕೆ" ಅಂತ ಅದು ಹೇಳುತ್ತದೆ. ತೊಟ್ಟಿಯಲ್ಲಿ ಎಷ್ಟು ನೀರಿದೆ ಅನ್ನೋದು ಬೇರೆ, ನಲ್ಲಿಯಿಂದ ನಿಮಿಷಕ್ಕೆ ಎಷ್ಟು ಕೊಡ ತುಂಬುತ್ತದೆ ಅನ್ನೋದು ಬೇರೆ. ಇದು ನಲ್ಲಿಯ ಲೆಕ್ಕ.

ಹಾಗಾಗಿ ಅರ್ಥ ಇಷ್ಟು: ಮೈ ತನ್ನ ಕೈಲಾದಷ್ಟೂ ಜೋರಾಗಿ ದುಡಿಯುವಾಗ, ಒಂದು ನಿಮಿಷದಲ್ಲಿ ಹೆಚ್ಚೆಂದರೆ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು. ದೊಡ್ಡ ಮೈಯವರು ಸಹಜವಾಗಿ ಜಾಸ್ತಿ ಬಳಸುತ್ತಾರೆ. ಅದಕ್ಕೇ ಬಂದ ಉತ್ತರವನ್ನು ಮೈತೂಕದಿಂದ ಭಾಗಿಸುತ್ತಾರೆ. ವಾಚಿನ 38 ಅಂದರೆ ಒಂದು ಕಿಲೋ ತೂಕಕ್ಕೆ, ಒಂದು ನಿಮಿಷಕ್ಕೆ, 38 ಮಿಲಿಲೀಟರ್ ಆಮ್ಲಜನಕ. ಸುಮ್ನೆ ಕೂತಿರುವಾಗ ನಾವು ಬಳಸುವುದು ಸುಮಾರು 3.5 ಮಾತ್ರ. ತರಬೇತಿ ಇಲ್ಲದ ಆರೋಗ್ಯವಂತ ಯುವಕನಲ್ಲಿ ಗರಿಷ್ಠ 40ರ ಆಸುಪಾಸು ಇರುತ್ತದೆ. ದೂರ ಓಡುವ ದೊಡ್ಡ ಓಟಗಾರರಲ್ಲಿ 70, 80 ದಾಟುತ್ತದೆ.

ಇದರಲ್ಲಿ "ಬಳಸಬಲ್ಲದು" ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಳಗೆ ಎಳೆದುಕೊಂಡ ಗಾಳಿಯ ಲೆಕ್ಕ ಇದಲ್ಲ. ಇಲ್ಲಿ ಎಡವಿದರೆ ಮುಂದಿನದೆಲ್ಲ ತಪ್ಪುತ್ತದೆ.

"ಮ್ಯಾಕ್ಸ್" ಅನ್ನುವ ಕಲ್ಪನೆ ಹುಟ್ಟಿದ್ದು ಒಂದು ಹುಲ್ಲಿನ ಟ್ರ್ಯಾಕಿನ ಮೇಲೆ. 1920ರ ದಶಕದ ಆರಂಭ, ಇಂಗ್ಲೆಂಡಿನ ಮ್ಯಾಂಚೆಸ್ಟರ್. ಎ.ವಿ. ಹಿಲ್ ಅಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರು. ಸ್ನಾಯುಗಳಲ್ಲಿ ಶಾಖ ಹುಟ್ಟುವ ಬಗೆಯನ್ನು ಕಂಡುಹಿಡಿದದ್ದಕ್ಕೆ 1922ರ ನೊಬೆಲ್ ಪಡೆದವರು, ಜೊತೆಗೆ ಸ್ವತಃ ಓಟಗಾರ. ಅವರು ಬೆನ್ನಿಗೊಂದು ದೊಡ್ಡ ಚೀಲ ಕಟ್ಟಿಕೊಂಡು, ಬಾಯಿಗೆ ಕೊಳವೆ ಇಟ್ಟುಕೊಂಡು, ಮೂಗು ಮುಚ್ಚಿಕೊಂಡು ಸುತ್ತು ಹೊಡೆದರು. ಬಿಟ್ಟ ಉಸಿರೆಲ್ಲ ಚೀಲ ಸೇರುತ್ತಿತ್ತು. ಅದನ್ನು ರೂಪಿಸಿದ ವಿಜ್ಞಾನಿಯ ಹೆಸರಿನಿಂದ ಆ ಚೀಲಕ್ಕೆ ಡಗ್ಲಸ್ ಬ್ಯಾಗ್ ಅಂತಲೇ ಹೆಸರು. ಆಮೇಲೆ ಚೀಲದ ಗಾಳಿಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ನೋಡಿದರೆ ಮೈ ಎಷ್ಟು ಬಳಸಿತು ಅನ್ನೋದು ಗೊತ್ತಾಗುತ್ತದೆ.

ವೇಗ ಹೆಚ್ಚಿಸಿದಂತೆ ಬಳಕೆಯೂ ಏರಿತು. ಆದರೆ ನಿಮಿಷಕ್ಕೆ ಸುಮಾರು 4 ಲೀಟರ್ ಮುಟ್ಟಿದ ಮೇಲೆ ನಿಂತುಬಿಟ್ಟಿತು. ಇನ್ನೂ ಜೋರಾಗಿ ಓಡಿದರೂ ಬಳಕೆ ಏರಲಿಲ್ಲ. ಹಿಲ್ ಮತ್ತು ಅವರ ಸಹೋದ್ಯೋಗಿ ಹಾರ್ಟ್ಲಿ ಲಪ್ಟನ್ ಇದನ್ನು 1923ರಲ್ಲಿ ಪ್ರಕಟಿಸಿದರು. ಇವತ್ತು ಲ್ಯಾಬಿನಲ್ಲಿ ಟ್ರೆಡ್‌ಮಿಲ್ ಇದೆ, ಮುಖಕ್ಕೆ ಮಾಸ್ಕ್ ಇದೆ, ಉಸಿರನ್ನು ಅಲ್ಲೇ ಅಳೆಯುವ ಯಂತ್ರ ಇದೆ. ಆದರೂ ಪರದೆಯ ಮೇಲೆ ನಾವು ಹುಡುಕುವುದು ಅದೇ ಜಾಗವನ್ನು. ಗೆರೆ ಏರುತ್ತಾ ಏರುತ್ತಾ ಬಂದು ಮಟ್ಟಸವಾಗುವ ಜಾಗ. ಅದಕ್ಕೆ ಪ್ಲಾಟೊ ಅನ್ನುತ್ತಾರೆ.

ಗೆರೆ ಯಾಕೆ ಮಟ್ಟಸವಾಗುತ್ತದೆ? ತರಗತಿಯಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಜನ "ಶ್ವಾಸಕೋಶ ಸಾಕಾಗಲ್ಲ ಸರ್" ಅನ್ನುತ್ತಾರೆ. ಏದುಸಿರು ಬಿಡುವಾಗ ಎದೆಯೇ ಹಿಡಿದಂತಾಗುತ್ತದಲ್ಲ, ಹಾಗನ್ನಿಸುವುದು ಸಹಜ. ಆದರೆ ನಾವು ಒಳಗೆಳೆಯುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಭಾಗ. ಜೋರಾಗಿ ಓಡುವಾಗ ಹೊರಬಿಟ್ಟ ಗಾಳಿಯಲ್ಲೂ 16–17 ಭಾಗ ಹಾಗೇ ಉಳಿದಿರುತ್ತದೆ. ಗಾಳಿ ಬೇಕಾದಷ್ಟಿದೆ. ಅದನ್ನು ಹೊತ್ತು ಸ್ನಾಯುವಿನ ತನಕ ಮುಟ್ಟಿಸುವ ಕೆಲಸ ಇದೆಯಲ್ಲ, ಆರೋಗ್ಯವಂತರಲ್ಲಿ ಬಹುಮಟ್ಟಿಗೆ ಅಲ್ಲೇ ಮಿತಿ ಇರುವುದು.

ಈ ಸಾಗಣೆಯ ಲೆಕ್ಕವನ್ನು ಜರ್ಮನಿಯ ಅಡಾಲ್ಫ್ ಫಿಕ್ 1870ರಲ್ಲೇ ಕೊಟ್ಟಿದ್ದರು. ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ ನೋಡಿ. ಪ್ರತಿ ಲೀಟರ್ ರಕ್ತದಿಂದ ಮೈ ಎಷ್ಟು ಆಮ್ಲಜನಕ ತೆಗೆದುಕೊಳ್ಳುತ್ತದೆ ನೋಡಿ. ಎರಡನ್ನೂ ಗುಣಿಸಿ. ಅಷ್ಟೇ. ಸೂತ್ರವನ್ನು ಬಾಯಿಪಾಠ ಮಾಡುವ ಬದಲು ಒಮ್ಮೆ ಸಂಖ್ಯೆ ಹಾಕಿ ನೋಡಿ, ಜನ್ಮಕ್ಕೆ ಮರೆಯಲ್ಲ. ಕೂತಿರುವಾಗ ಹೃದಯ ತಳ್ಳುವುದು ಸುಮಾರು 5 ಲೀಟರ್. ಲೀಟರಿಗೆ 200 ಮಿ.ಲೀ. ಆಮ್ಲಜನಕ ಹೊತ್ತು ಹೋದ ರಕ್ತ 150 ಮಿ.ಲೀ. ಉಳಿಸಿಕೊಂಡು ವಾಪಸ್ ಬರುತ್ತದೆ. ಬಳಕೆಯಾದದ್ದು 50. ಐದರಿಂದ ಗುಣಿಸಿದರೆ 250. ಮನುಷ್ಯ 70 ಕಿಲೋ ಇದ್ದರೆ ಕಿಲೋಗೆ ಮೂರೂವರೆ. ಮೇಲೆ ಹೇಳಿದ 3.5 ಇಲ್ಲಿಂದ ಬಂತು. ಅವನೇ ಓಡಿ ಓಡಿ ಗರಿಷ್ಠ ಮುಟ್ಟಿದಾಗ ಹೃದಯ 20 ಲೀಟರ್ ತಳ್ಳುತ್ತದೆ, ಸ್ನಾಯುಗಳು ಲೀಟರಿಗೆ 150 ಹೀರಿಕೊಳ್ಳುತ್ತವೆ. ಒಟ್ಟು 3 ಲೀಟರ್. ಕಿಲೋಗೆ 43.

ದೊಡ್ಡ ಓಟಗಾರನ ಹೃದಯ ನಮಗಿಂತ ಜೋರಾಗಿ ಬಡಿಯುತ್ತದೆ ಅಂದುಕೊಳ್ಳಬೇಡಿ. ಗರಿಷ್ಠ ಬಡಿತ ಹೆಚ್ಚುಕಡಿಮೆ ಒಂದೇ. ಆದರೆ ನಮ್ಮ ಹೃದಯ ಒಂದು ಬಡಿತಕ್ಕೆ 100 ಮಿ.ಲೀ. ತಳ್ಳಿದರೆ ಅವನದು 180 ತಳ್ಳುತ್ತದೆ. ಇದೇ ಸ್ಟ್ರೋಕ್ ವಾಲ್ಯೂಮ್. ವರ್ಷಗಟ್ಟಲೆ ಓಡಿದ್ದರ ಫಲ ಜಾಸ್ತಿ ಕಾಣುವುದು ಇಲ್ಲೇ.

ಈ ಸೂತ್ರ ನನಗೆ ನಿಜವಾಗಿ ಅರ್ಥವಾದದ್ದು ಟೀಚಿಂಗ್ ಪ್ರಾಕ್ಟೀಸ್‌ಗೆ ಹೈಸ್ಕೂಲಿಗೆ ಹೋದಾಗ. ಒಂಬತ್ತನೇ ತರಗತಿಯ ಮಕ್ಕಳಿಗೆ ಕೂಪರ್ ಟೆಸ್ಟ್ ಮಾಡಿಸುತ್ತಿದ್ದೆ. ಕೂಪರ್ ಟೆಸ್ಟ್ ಅಂದರೆ 12 ನಿಮಿಷದ ಓಟ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ್ದು. ಲ್ಯಾಬ್ ಬೇಡ, ಮಾಸ್ಕ್ ಬೇಡ. ಸುಣ್ಣದ ಗೆರೆ ಎಳೆದ ಟ್ರ್ಯಾಕು, ಒಂದು ಸೀಟಿ, ಒಂದು ಸ್ಟಾಪ್‌ವಾಚು ಸಾಕು. ಒಬ್ಬರು ಓಡುವಾಗ ಜೊತೆಗಾರರು ಸುತ್ತು ಎಣಿಸುತ್ತಾರೆ. ನಮ್ಮ ಮಕ್ಕಳು ಸುತ್ತಿಗೊಂದು ಕಲ್ಲು ಪಕ್ಕಕ್ಕಿಟ್ಟು ಎಣಿಸುತ್ತಿದ್ದರು. 12 ನಿಮಿಷಕ್ಕೆ ಸೀಟಿ ಊದಿದಾಗ ಎಲ್ಲಿದ್ದೀರೋ ಅಲ್ಲೇ ನಿಲ್ಲಬೇಕು. ಓಡಿದ ದೂರದ ಮೀಟರಿನಿಂದ 504.9 ಕಳೆದು 44.73ರಿಂದ ಭಾಗಿಸಿದರೆ ವಿಒ2 ಮ್ಯಾಕ್ಸ್‌ನ ಅಂದಾಜು ಸಿಗುತ್ತದೆ. 400 ಮೀಟರಿನ ಟ್ರ್ಯಾಕಿನಲ್ಲಿ ಆರು ಸುತ್ತು, ಅಂದರೆ 2400 ಮೀಟರ್ ಓಡಿದರೆ 42.4.

ಒಬ್ಬ ಹುಡುಗಿ 1600 ಮೀಟರಿಗೇ ನಿಂತಳು. ಲೆಕ್ಕ ಹಾಕಿದರೆ 24.5. ತುಟಿ ಬಿಳಚಿಕೊಂಡಿತ್ತು, ಕೈ ಮಂಡಿಯ ಮೇಲಿಟ್ಟು ತೇಕುತ್ತಿದ್ದಳು. "ಮೈ ಬಗ್ಗಲ್ಲ ಇವಳಿಗೆ, ದಿನಾ ಹೀಗೇ" ಅಂತ ಪಕ್ಕದಲ್ಲಿದ್ದವರು ಅಂದರು. ನಾನೂ ರೆಕಾರ್ಡ್ ಬುಕ್ಕಿನಲ್ಲಿ "ಕಳಪೆ" ಅಂತ ಬರೆದೆ. ಕೆಲವು ವಾರದ ಮೇಲೆ ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಅವಳ ಹಿಮೋಗ್ಲೋಬಿನ್ 9 ಗ್ರಾಂ ಅಂತ ಬಂತು.

ಈಗ ಫಿಕ್ ಲೆಕ್ಕಕ್ಕೆ ವಾಪಸ್ ಬನ್ನಿ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕ ಹೊರುತ್ತದೆ. 100 ಮಿ.ಲೀ. ರಕ್ತದಲ್ಲಿ 13 ಗ್ರಾಂ ಇದ್ದರೆ ಲೀಟರಿಗೆ 174 ಮಿ.ಲೀ. ಹೊರಬಹುದು. 9 ಗ್ರಾಂ ಇದ್ದರೆ 121. ಹೃದಯ ಎಷ್ಟೇ ಬಡಿದುಕೊಂಡರೂ ಗಾಡಿಯಲ್ಲಿ ಮೂಟೆಯೇ ಕಡಿಮೆ. ಅವಳು ಸೋಮಾರಿ ಆಗಿರಲಿಲ್ಲ. ಅಷ್ಟು ಕಡಿಮೆ ಆಮ್ಲಜನಕದಲ್ಲಿ ನಾಲ್ಕು ಸುತ್ತು ಓಡಿದ್ದಳು. ನಾನು ಬರೆದ "ಕಳಪೆ" ಅನ್ನುವ ಪದವನ್ನು ಹೊಡೆದು ಹಾಕಿದ್ದು ಇವತ್ತಿಗೂ ನೆನಪಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಪಿ.ಇ. ಟೀಚರ್ ಆಗುವವರೆಲ್ಲ ಈ ಸಂಖ್ಯೆಯನ್ನು ಸೂತ್ರದ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು ಅಂತ ನನ್ನ ಆಸೆ. ಇನ್ನೊಂದು ಮಾತು: ಕೂಪರ್ ತನ್ನ ಸೂತ್ರ ಕಟ್ಟಿದ್ದು ವಾಯುಪಡೆಯ ಗಂಡಸರನ್ನು ಓಡಿಸಿ. ಹದಿನಾಲ್ಕರ ಹುಡುಗಿಗೆ ಅದೇ ಸೂತ್ರ ಹಾಕಿ ತೀರ್ಪು ಕೊಡೋದೇ ಸರಿಯಲ್ಲ.

ಬಯಲಲ್ಲಿ ಮಾಡುವ ಬೇರೆ ಪರೀಕ್ಷೆಗಳೂ ಇವೆ. 20 ಮೀಟರ್ ಅಂತರದಲ್ಲಿ ಬೀಪ್ ಸದ್ದಿಗೆ ಸರಿಯಾಗಿ ಓಡಾಡುವ ಬೀಪ್ ಟೆಸ್ಟ್ ಕೆನಡಾದ ಲ್ಯೂಕ್ ಲೆಜೆ ಅವರದು. ಮೆಟ್ಟಿಲು ಹತ್ತಿ ಇಳಿದು ನಾಡಿ ಎಣಿಸುವ ಸ್ಟೆಪ್ ಟೆಸ್ಟ್‌ಗಳೂ ಉಂಟು. ಇವೆಲ್ಲ ಕೊಡುವುದು ಅಂದಾಜು. ಸ್ಮಾರ್ಟ್‌ವಾಚ್ ಕೊಡುವುದೂ ಅಷ್ಟೇ: ನಿಮ್ಮ ವೇಗಕ್ಕೂ ನಾಡಿಬಡಿತಕ್ಕೂ ತಾಳೆ ಹಾಕಿ ಊಹಿಸುತ್ತದೆ. ಒಂದು ದಿನದ ಸಂಖ್ಯೆಗೆ ಬೀಗುವುದೂ ಬೇಡ, ಕುಗ್ಗುವುದೂ ಬೇಡ. ಮೂರು ತಿಂಗಳಲ್ಲಿ ಅದು ಯಾವ ಕಡೆ ಹೊರಟಿದೆ ಅಂತ ನೋಡಿ.

ಸಂಖ್ಯೆ ದೊಡ್ಡದಿದ್ದರೆ ಗೆಲುವು ಗ್ಯಾರಂಟಿನಾ? ಇಲ್ಲ. ಆಸ್ಟ್ರೇಲಿಯಾದ ಡೆರೆಕ್ ಕ್ಲೇಟನ್ 1969ರಲ್ಲಿ ಮ್ಯಾರಥಾನನ್ನು 2 ಗಂಟೆ 8 ನಿಮಿಷ 33 ಸೆಕೆಂಡಿನಲ್ಲಿ ಮುಗಿಸಿದರು. ಆಗ ಅದು ಜಗತ್ತಿನಲ್ಲೇ ವೇಗದ್ದು. ಅವರ ವಿಒ2 ಮ್ಯಾಕ್ಸ್ 70ರ ಹತ್ತಿರ ಮಾತ್ರ. ಅದೇ ನಾರ್ವೆಯ ಸೈಕಲ್ ಪಟು ಆಸ್ಕರ್ ಸ್ವೆಂಡ್‌ಸೆನ್‌ಗೆ 2012ರಲ್ಲಿ 97.5 ಬಂದಿತ್ತು ಅಂತ ವರದಿಯಾಯಿತು. ಆ ವರ್ಷ ಜೂನಿಯರ್ ವಿಶ್ವ ಚಾಂಪಿಯನ್ನೂ ಆದರು. ಎರಡು ವರ್ಷದಲ್ಲಿ, ಇಪ್ಪತ್ತರ ವಯಸ್ಸಿಗೇ ಸ್ಪರ್ಧೆ ಬಿಟ್ಟರು. ಒಂದೇ ವೇಗಕ್ಕೆ ಎಷ್ಟು ಕಡಿಮೆ ಆಮ್ಲಜನಕ ಖರ್ಚು ಮಾಡುತ್ತೀರಿ, ಗರಿಷ್ಠದ ಎಷ್ಟು ಭಾಗವನ್ನು ಗಂಟೆಗಟ್ಟಲೆ ತಡೆದುಕೊಳ್ಳುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಕೆಲವು ಆಟಗಳಲ್ಲಂತೂ ಇದರ ಪಾತ್ರ ತೀರಾ ಕಡಿಮೆ. 2020ರ ಫೆಬ್ರವರಿಯಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದ್ದು ದೇಶವೆಲ್ಲ ಸುದ್ದಿಯಾಯಿತಲ್ಲ. ಅಷ್ಟು ಕಡಿಮೆ ಹೊತ್ತಿನಲ್ಲಿ ಆಮ್ಲಜನಕದ ಸಾಗಣೆ ಇನ್ನೂ ಚುರುಕಾಗಿರುವುದೇ ಇಲ್ಲ. ಸ್ನಾಯು ತನ್ನೊಳಗೆ ಮೊದಲೇ ಕೂಡಿಟ್ಟ ಶಕ್ತಿಯಲ್ಲೇ ಬಹುಪಾಲು ಓಟ ಮುಗಿದುಹೋಗಿರುತ್ತದೆ. ಕಂಬಳದ ಓಟಗಾರನ ತಾಕತ್ತನ್ನು ವಿಒ2 ಮ್ಯಾಕ್ಸ್‌ನಲ್ಲಿ ಅಳೆಯಹೊರಟರೆ ಬಟ್ಟೆಯನ್ನು ಸೇರಿನಲ್ಲಿ ಅಳೆದಂತೆ.

ಈ ಸಂಖ್ಯೆ ಹುಟ್ಟಿನಿಂದ ಎಷ್ಟು ಬರುತ್ತದೆ, ದುಡಿಮೆಯಿಂದ ಎಷ್ಟು ಬರುತ್ತದೆ? ಎರಡೂ ಇದೆ. ಒಂದೇ ತರಬೇತಿ ಕೊಟ್ಟರೂ ಕೆಲವರಿಗೆ ಚೆನ್ನಾಗಿ ಏರುತ್ತದೆ, ಕೆಲವರಿಗೆ ಏರುವುದೇ ಕಷ್ಟ. ಆದರೆ ಇಳಿಯುವ ವಿಷಯದಲ್ಲಿ ಒಂದು ಪ್ರಯೋಗ ಹೇಳಲೇಬೇಕು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ವಿಒ2 ಮ್ಯಾಕ್ಸ್ ಕಾಲುಭಾಗಕ್ಕಿಂತ ಜಾಸ್ತಿ ಕುಸಿಯಿತು. ಮೂವತ್ತು ವರ್ಷ ಕಳೆದು ಅದೇ ಐವರನ್ನು ಮತ್ತೆ ಕರೆದು ಅಳೆದರು. ಐವತ್ತು ವಯಸ್ಸಿನಲ್ಲೂ ಅವರ ಸಂಖ್ಯೆ, ಇಪ್ಪತ್ತರಲ್ಲಿ ಮೂರು ವಾರ ಮಲಗಿ ಎದ್ದಾಗ ಇದ್ದಷ್ಟು ಕೆಳಗೆ ಇಳಿದಿರಲಿಲ್ಲ.

ಪ್ರಾಜೆಕ್ಟ್ ಬರೆಯುವವರಿಗೆ ಒಂದು ಸೂಚನೆ. ಟ್ರೆಡ್‌ಮಿಲ್ ಮೇಲೆ ಗೆರೆ ಮಟ್ಟಸವಾಗುವ ಮೊದಲೇ ಓಡುವವರು ಸುಸ್ತಾಗಿ ನಿಲ್ಲಿಸಿದರೆ, ಸಿಕ್ಕ ಸಂಖ್ಯೆಯನ್ನು ವಿಒ2 ಮ್ಯಾಕ್ಸ್ ಅನ್ನಬಾರದು. ಅದು ವಿಒ2 ಪೀಕ್. ಅಂದರೆ ಆ ದಿನ ಮುಟ್ಟಿದ ಎತ್ತರ ಅಷ್ಟೆ. ಮಕ್ಕಳಲ್ಲಿ, ವಯಸ್ಸಾದವರಲ್ಲಿ, ಹೃದಯದ ತೊಂದರೆ ಇರುವವರಲ್ಲಿ ಪ್ಲಾಟೊ ಅನೇಕ ಸಲ ಕಾಣುವುದೇ ಇಲ್ಲ. ವೈವಾದಲ್ಲಿ ಈ ವ್ಯತ್ಯಾಸ ಕೇಳುತ್ತಾರೆ.

ಲ್ಯಾಬಿನ ಹತ್ತಿರ ಸುಳಿಯದವರ ಮನೆಯಲ್ಲೂ ಈ ಸಂಖ್ಯೆ ಇರಬಹುದು. ಅಪ್ಪನದೋ ಅಮ್ಮನದೋ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆಯ ರಿಪೋರ್ಟ್ ಇದ್ದರೆ ತೆಗೆದು ನೋಡಿ. ಎಲ್ಲೋ ಒಂದು ಕಡೆ ಮೆಟ್ಸ್ ಅಂತ ಬರೆದು ಮುಂದೆ 8 ಅಂತಲೋ 10 ಅಂತಲೋ ಇರುತ್ತದೆ. ಒಂದು ಮೆಟ್ ಅಂದರೆ ಸುಮ್ನೆ ಕೂತಾಗಿನ ಬಳಕೆ, ಅದೇ 3.5. ಗುಣಿಸಿ. 10 ಇದ್ದರೆ 35.