ಸಾಸಿವೆ ಡಬ್ಬಿಯಲ್ಲಿ 4 ಜಿಬಿ

ಪುಷ್ಯ ಮಳೆ ಹಿಡಿದ ವಾರ. ತೀರ್ಥಹಳ್ಳಿ ಕಡೆ ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲ. ಮಲೆನಾಡಿನಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಆದರೆ ನಾಲ್ಕನೇ ದಿನ ಮಧ್ಯಾಹ್ನ, ಕರೆಂಟು ಸರಿಯಾಗೇ ಇದ್ದ ಶಿವಮೊಗ್ಗದಲ್ಲಿ ನಮ್ಮ ಸರ್ವರ್ ನಿಂತುಹೋಯಿತು. ಡಿಸ್ಕ್ ಭರ್ತಿ!

ಕೆಲವು ಹಾಲಿನ ಸಂಘಗಳ ಲೆಕ್ಕ ಇಡುವ ಸಣ್ಣ ಕೆಲಸ ನಮ್ಮದು. ಶುರುವಿನಲ್ಲಿ ನಾನು ಹಾಕಿದ ಅಂದಾಜು ಹೀಗಿತ್ತು. 15 ಸಾವಿರ ರೈತರು, ಎರಡು ಹೊತ್ತು ಹಾಲು. ದಿನಕ್ಕೆ 30 ಸಾವಿರ ಸಾಲು. ಲೀಟರು, ಫ್ಯಾಟು, ದರ ಎಲ್ಲ ಸೇರಿ ಸಾಲಿಗೆ 200 ಬೈಟ್. ಅಂದರೆ ದಿನಕ್ಕೆ 6 ಎಂಬಿ, ವರ್ಷಕ್ಕೆ 2.2 ಜಿಬಿ. ಬೇಗ ಹುಡುಕಲು ಬೇಕಾದ ಇಂಡೆಕ್ಸುಗಳು ಇನ್ನಷ್ಟು ತಿನ್ನಲಿ, ಕೈಯಲ್ಲಿದ್ದ 60 ಜಿಬಿಯ ಹಳೆ ಎಸ್‌ಎಸ್‌ಡಿ ಧಾರಾಳ ಆಯ್ತು ಅಲ್ವಾ?

ಈ ಗುಣಾಕಾರದಲ್ಲಿ ತಪ್ಪಿಲ್ಲ. ಮರ ಬಿದ್ದ ದಿನ ಎಲ್ಲ ಸೇರಿ ತುಂಬಿದ್ದು 20 ಜಿಬಿ ಮಾತ್ರ. ನಾನು ಲೆಕ್ಕಕ್ಕೇ ಹಿಡಿಯದೆ ಬಿಟ್ಟಿದ್ದು ಲಾಗ್.

ಈ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವ ತಂತ್ರಾಂಶ, ಅಂದರೆ ಡೇಟಾಬೇಸು, ಯಾವುದನ್ನೂ ನೇರವಾಗಿ ದೊಡ್ಡ ಪುಸ್ತಕಕ್ಕೆ ಏರಿಸಿ ಕೂರುವುದಿಲ್ಲ. ಅಂಗಡಿಯವರು ಕಚ್ಚಾ ಪುಸ್ತಕದಲ್ಲಿ ಗೀಚಿಕೊಳ್ಳುವ ಹಾಗೆ ಮೊದಲು ಲಾಗಿಗೆ ಬರೆಯುತ್ತದೆ. ಮಧ್ಯೆ ಕರೆಂಟು ಹೋದರೂ ಬರೆದದ್ದು ಉಳಿಯಲಿ ಅಂತ. ನಾವು ಬಳಸುವ ಡೇಟಾಬೇಸು ಪೋಸ್ಟ್‌ಗ್ರೆಸ್. ಅದರಲ್ಲಿ ಈ ಲಾಗ್ 16 ಎಂಬಿಯ ಫೈಲುಗಳಾಗಿ ಕೂರುತ್ತದೆ. ಕೆಲಸ ಮುಗಿದ ಫೈಲುಗಳನ್ನು ಅದೇ ತೆಗೆಯುತ್ತದೆ, ಇಲ್ಲವೇ ಮತ್ತೆ ಬಳಸುತ್ತದೆ.

ನಾನು ಎರಡು ಕಿತಾಪತಿ ಮಾಡಿದ್ದೆ. ತೀರ್ಥಹಳ್ಳಿಯಲ್ಲಿ ನಕಲಿಗೆ ಅಂತ ಇನ್ನೊಂದು ಮಷೀನಿಟ್ಟು, ಅದು ಓದಿ ಮುಗಿಸುವ ತನಕ ಲಾಗ್ ತೆಗೆಯಬೇಡ ಅಂದಿದ್ದೆ. ನಿಮಿಷಕ್ಕೊಮ್ಮೆ ಫೈಲು ಮುಚ್ಚಿ ಹೊಸದು ತೆರೆ ಅಂತಲೂ ಹೇಳಿದ್ದೆ. ಒಳಗೆ ನಾಲ್ಕೇ ಸಾಲು ಇರಲಿ, ಫೈಲಿನ ಗಾತ್ರ ಮಾತ್ರ 16 ಎಂಬಿಯೇ. ಹಗಲಿನ 12 ಗಂಟೆಗೆ 720 ಫೈಲು, ಹನ್ನೊಂದೂವರೆ ಜಿಬಿ. 6 ಎಂಬಿ ಹಾಲಿನ ಲೆಕ್ಕಕ್ಕೆ! ಆ ಕಡೆ ಮಷೀನು ಕತ್ತಲಲ್ಲಿ ಮಲಗಿದೆ, ಈ ಕಡೆ ಇದು ಅದಕ್ಕಾಗಿ ಫೈಲು ಪೇರಿಸಿಡುತ್ತಲೇ ಇದೆ. ಖಾಲಿ ಇದ್ದ 40 ಜಿಬಿ ಮೂರೂವರೆ ದಿನಕ್ಕೆ ಮುಗಿಯಿತು. 2020ರಲ್ಲಿ ಬಂದ ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಹೀಗೆ ಕೂಡಿಡುವುದಕ್ಕೆ ಮಿತಿ ಹಾಕಬಹುದು. ನಾವಾಗಿ ಹಾಕಬೇಕು, ಅಷ್ಟೇ. ನಾನು ಹಾಕಿರಲಿಲ್ಲ.

ಸಂಜೆ ಹಾಲಿನ ಹೊತ್ತಾಗುತ್ತಿತ್ತು. ಸಂಘದ ಕಾರ್ಯದರ್ಶಿಯೊಬ್ಬರ ಫೋನು: "ಹಳೆ ವರ್ಷದ್ದು ಅಳಿಸಿಬಿಡಿ ಮಾರಾಯ್ರೆ, ಜಾಗ ಆಗ್ತದೆ."

ಆಗುವುದಿಲ್ಲ. ಅಳಿಸಿದ ಸಾಲಿನ ಜಾಗವನ್ನು ಡೇಟಾಬೇಸು ಮುಂದಿನ ಸಾಲುಗಳಿಗೆ ಅಂತ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಡಿಸ್ಕಿಗೆ ಸಾಮಾನ್ಯವಾಗಿ ವಾಪಸು ಕೊಡುವುದಿಲ್ಲ. ಬಿಡಿಸಿಕೊಳ್ಳಬೇಕೆಂದರೆ ಇಡೀ ಟೇಬಲನ್ನು ಹೊಸದಾಗಿ ಬರೆಸಬೇಕು. ಮುಗಿಯುವ ತನಕ ಹಳತು, ಹೊಸತು ಎರಡಕ್ಕೂ ಜಾಗ ಬೇಕು. ತೋಟ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೀಲಕ್ಕೆ ತುಂಬಿದ ಅಡಿಕೆಗೆ ಒಂದು ಮೂಲೆ ಸಾಕು. ಬೇಯಿಸಿ ಹರವಲು ಅಂಗಳವೇ ಬೇಕು. ಚೀಲ ಎಣಿಸಿ ಅಂಗಳ ಮಾಡಿಸಿದ ಹಾಗಿತ್ತು ನನ್ನ ಅಂದಾಜು.

ಆವತ್ತು ಸಂಜೆ ಹಾಲನ್ನು ಎಲ್ಲರೂ ಪುಸ್ತಕದಲ್ಲೇ ಬರೆದುಕೊಂಡರು. ನಾನು ಇನ್ನೊಂದು ಡಿಸ್ಕ್ ತಂದು, ಲಾಗನ್ನು ಅದಕ್ಕೆ ಸಾಗಿಸಿ, ರಾತ್ರಿ ಎಂಟಕ್ಕೆ ಸರ್ವರ್ ಎಬ್ಬಿಸಿದೆ.

ಎಚ್ಚರಿಕೆ ಬರಲಿಲ್ಲವೇ ಅಂತ ಕೇಳಬಹುದು. ಡಿಸ್ಕ್ ಶೇ. 80 ದಾಟಿದರೆ ಮೆಸೇಜ್ ಬರಲಿ ಅಂತ ಇಟ್ಟಿದ್ದೆ. ಎರಡನೇ ದಿನ ರಾತ್ರಿ ಅದು ಇದ್ದದ್ದು ಶೇ. 72ರ ಹತ್ತಿರ. ಹಾಗಾಗಿ ಸುಮ್ನೆ ಇತ್ತು. ಮೂರನೇ ದಿನ ಮೆಸೇಜ್ ಬಂತು. ಇನ್ನೂ ಐದರಲ್ಲೊಂದು ಪಾಲು ಖಾಲಿ ಇದೆಯಲ್ಲ, ನಾಳೆ ನೋಡೋಣ ಅಂದುಕೊಂಡೆ! ಮಳೆಗಾಲದಲ್ಲಿ ಪೇಪರಿನವರು ಲಿಂಗನಮಕ್ಕಿಯ ನೀರಿನ ಮಟ್ಟ ಒಂದನ್ನೇ ಹಾಕುವುದಿಲ್ಲ, ಪಕ್ಕದಲ್ಲೇ ಒಳಹರಿವು ಎಷ್ಟು ಕ್ಯೂಸೆಕ್ ಅಂತಲೂ ಹಾಕುತ್ತಾರೆ. 1819 ಅಡಿ ತುಂಬಲು ಇನ್ನೆಷ್ಟು ದಿನ ಅಂತ ಊರವರು ಅದನ್ನು ನೋಡಿಯೇ ಹೇಳುತ್ತಾರೆ. ಈಗ ನನ್ನ ಮೆಸೇಜಿನಲ್ಲೂ ಶೇಕಡಾ ಲೆಕ್ಕ ಇಲ್ಲ. ಖಾಲಿ ಜಾಗವನ್ನು ಕಳೆದ 24 ಗಂಟೆಯಲ್ಲಿ ತುಂಬಿದ್ದರಿಂದ ಭಾಗಿಸಿ, ಎಷ್ಟು ದಿನ ಉಳಿದಿದೆ ಅಂತ ಕಳಿಸುತ್ತದೆ. ಮೂವತ್ತು ದಿನಕ್ಕಿಂತ ಕಡಿಮೆಯಾದರೆ ದಿನವೂ ಕಾಟ.

ಇನ್ನೊಂದು ಚಿಕ್ಕ ಉಪಾಯ. ತುಂಬಿ ನಿಂತ ಡೇಟಾಬೇಸಿಗೆ ಮತ್ತೆ ಏಳಲಿಕ್ಕೂ ಒಂದಿಷ್ಟು ಜಾಗ ಬೇಕು. ಅದಕ್ಕೇ ಲಾಗಿನ ಡಿಸ್ಕಿನಲ್ಲಿ ಯಾತಕ್ಕೂ ಬಾರದ 4 ಜಿಬಿಯ ಫೈಲೊಂದನ್ನು ಮೊದಲೇ ತುಂಬಿಸಿಟ್ಟಿದ್ದೇನೆ. ಕಷ್ಟ ಬಂದಾಗ ಅಳಿಸಲಿಕ್ಕೆ. ಅದಕ್ಕೆ ಹೆಸರು ಇಟ್ಟವಳು ನನ್ನ ಹೆಂಡತಿ: ಸಾಸಿವೆ ಡಬ್ಬಿ.