ರೀಅಸಾರ್ಟ್‌ಮೆಂಟ್: ಹಕ್ಕಿ ಜ್ವರದ ವೈರಸ್‌ಗಳ ಜೀನ್ ಅದಲುಬದಲು

ಒಂದೇ ಜೀವಕೋಶದೊಳಗೆ ಎರಡು ಬೇರೆ ಬೇರೆ ಫ್ಲೂ ವೈರಸ್‌ಗಳು ನುಗ್ಗುತ್ತವೆ. ಎರಡೂ ಅಲ್ಲೇ ಕೂತು ತಮ್ಮ ಜೀನ್‌ಗಳ ನಕಲು ತೆಗೆಸಿಕೊಳ್ಳುತ್ತವೆ. ಆ ನಕಲುಗಳು ಒಂದರೊಳಗೊಂದು ಬೆರೆತು, ಕೆಲವು ಜೀನ್ ಇದರದ್ದು, ಕೆಲವು ಅದರದ್ದು ಎಂಬಂಥ ಹೊಸ ವೈರಸ್ ಹೊರಗೆ ಬರುತ್ತದೆ. ಇದೇ ರೀಅಸಾರ್ಟ್‌ಮೆಂಟ್. ಮರುಜೋಡಣೆ ಎಂದೂ ಬರೆಯುತ್ತಾರೆ. ಹಕ್ಕಿ ಜ್ವರದ ಬಗ್ಗೆ ವಿಜ್ಞಾನಿಗಳಿಗೆ ಇರುವ ಆತಂಕದಲ್ಲಿ ದೊಡ್ಡ ಪಾಲು ಇದರದ್ದೇ.

ಎಲ್ಲ ವೈರಸ್‌ಗಳಿಗೂ ಈ ಕೆಲಸ ಬರುವುದಿಲ್ಲ. ಫ್ಲೂ ವೈರಸ್‌ನ ಜೀನ್‌ಗಳು ಬೈಂಡ್ ಮಾಡಿದ ಪುಸ್ತಕದ ಥರ ಒಂದೇ ಎಳೆಯಲ್ಲಿ ಇರುವುದಿಲ್ಲ. ಬಿಡಿ ಹಾಳೆಗಳ ಥರ ಎಂಟು ಆರ್‌ಎನ್‌ಎ ತುಂಡುಗಳಲ್ಲಿ ಇರುತ್ತವೆ. ಹೊಸ ಕಣ ತಯಾರಾಗಬೇಕಾದರೆ ಎಂಟೂ ಬಗೆಯ ತುಂಡು ಒಂದೊಂದು ಸೇರಬೇಕು. ಎರಡು ವೈರಸ್ ಇದ್ದಲ್ಲಿ ಲೆಕ್ಕದ ಪ್ರಕಾರ 256 ಬಗೆಯ ಜೋಡಣೆ ಸಾಧ್ಯ. ಅದರಲ್ಲಿ ಬಹುಪಾಲು ಹೊಂದಿಕೆಯಾಗದೆ ಅಲ್ಲೇ ಸೋಲುತ್ತವೆ. ಒಂದು ಗೆದ್ದರೂ ಸಾಕು, ಕಥೆ ಬದಲಾಗುತ್ತದೆ.

ವೈರಸ್ ಬದಲಾಗುವುದಕ್ಕೆ ಇನ್ನೊಂದು ದಾರಿಯೂ ಇದೆ, ಅದು ನಿಧಾನದ್ದು. ಆರ್‌ಎನ್‌ಎ ನಕಲು ತೆಗೆಯುವ ಕಿಣ್ವ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದಿಲ್ಲ. ಹಾಗಾಗಿ ಪ್ರತಿ ಪೀಳಿಗೆಯಲ್ಲೂ ಒಂದಷ್ಟು ಮ್ಯುಟೇಶನ್‌ಗಳು, ಅಂದರೆ ನಕಲಿನ ತಪ್ಪುಗಳು, ಸೇರುತ್ತಲೇ ಹೋಗುತ್ತವೆ. ಇದರಿಂದ ವೈರಸ್‌ನ ಹೊರಮೈ ಸ್ವಲ್ಪ ಸ್ವಲ್ಪವೇ ಬದಲಾಗುವುದನ್ನು ಡ್ರಿಫ್ಟ್ ಎನ್ನುತ್ತಾರೆ. ಮಾಮೂಲಿ ಫ್ಲೂ ಲಸಿಕೆಯನ್ನು ಪದೇ ಪದೇ ಬದಲಿಸುವುದು ಇದೇ ಕಾರಣಕ್ಕೆ. ರೀಅಸಾರ್ಟ್‌ಮೆಂಟ್‌ನಲ್ಲಾದರೋ ಇಡೀ ಜೀನೇ ಒಂದೇ ಏಟಿಗೆ ಬದಲಾಗುತ್ತದೆ. ಹೊರಮೈಯ ಪ್ರೋಟೀನ್ ಹೀಗೆ ಪೂರ್ತಿ ಬದಲಾದರೆ ಅದು ಶಿಫ್ಟ್. ಆಗ ನಮ್ಮ ದೇಹದ ಹಳೆಯ ರೋಗನಿರೋಧಕ ನೆನಪು ಹೆಚ್ಚೇನೂ ಕೆಲಸಕ್ಕೆ ಬರುವುದಿಲ್ಲ.

ಹಕ್ಕಿ ಜ್ವರದ ಮುಖ್ಯ ವೈರಸ್‌ಗಿರುವ ಎಚ್5ಎನ್1 ಅನ್ನೋ ಹೆಸರು ಹೇಳುವುದೂ ಈ ಹೊರಮೈಯನ್ನೇ. ಎಚ್ ಎಂದರೆ ಹೀಮಗ್ಲುಟಿನಿನ್. ವೈರಸ್ ಜೀವಕೋಶಕ್ಕೆ ಅಂಟಿಕೊಂಡು ಒಳಗೆ ಹೋಗುವುದು ಇದರ ಸಹಾಯದಿಂದ. ಎನ್ ಎಂದರೆ ನ್ಯೂರಮಿನಿಡೇಸ್, ಹೊಸ ಕಣಗಳು ಬಿಡಿಸಿಕೊಂಡು ಹೊರಬರಲು ಬೇಕಾದದ್ದು. ಹಕ್ಕಿಗಳಲ್ಲಿ ಕನಿಷ್ಠ 16 ಬಗೆಯ ಎಚ್, 9 ಬಗೆಯ ಎನ್ ಓಡಾಡುತ್ತಿವೆ. ಕಾಡು ಬಾತುಗಳ ಕರುಳಿನಲ್ಲಿ ಇವು ಎಷ್ಟೋ ಸಲ ಯಾವ ರೋಗವನ್ನೂ ತರದೆ ಇರುತ್ತವೆ. ವಲಸೆ ಹಕ್ಕಿಗಳು ಒಂದೇ ಕೆರೆಯಲ್ಲಿ ಇಳಿಯುತ್ತವೆ, ಹಿಕ್ಕೆಯ ಮೂಲಕ ವೈರಸ್ ನೀರಿಗೆ ಸೇರುತ್ತದೆ, ಅದನ್ನೇ ಮತ್ತೊಂದು ಹಕ್ಕಿ ಕುಡಿಯುತ್ತದೆ. ಅಂದರೆ ಅಲ್ಲಿ ಜೀನ್‌ಗಳ ಅದಲುಬದಲು ಅಪರೂಪವೇ ಅಲ್ಲ, ದಿನನಿತ್ಯದ ಸಂಗತಿ.

ಈ ಅದಲುಬದಲು ಮನುಷ್ಯರ ತನಕ ಬಂದಾಗ ಏನಾಗುತ್ತದೆ ಅನ್ನೋದಕ್ಕೆ ಇತಿಹಾಸದಲ್ಲಿ ಸಾಕ್ಷಿ ಇದೆ. 1957ರ ಮಹಾಮಾರಿಯನ್ನು ತಂದ ಎಚ್2ಎನ್2 ವೈರಸ್‌ನಲ್ಲಿ ಮೂರು ಜೀನ್‌ಗಳು ಹಕ್ಕಿಯವು, ಉಳಿದ ಐದು ಆಗ ಮನುಷ್ಯರಲ್ಲಿ ಹರಡುತ್ತಿದ್ದ ಫ್ಲೂನದ್ದು. 1968ರ ಎಚ್3ಎನ್2ನಲ್ಲಿ ಎರಡು ಜೀನ್ ಹಕ್ಕಿಯವು. ಎರಡು ಮಹಾಮಾರಿಗಳಲ್ಲೂ ತಲಾ ಸುಮಾರು 10 ಲಕ್ಷ ಜನ ಸತ್ತರೆಂಬ ಅಂದಾಜಿದೆ. 2009ರ ಎಚ್1ಎನ್1 ಹಂದಿಗಳಲ್ಲಿ ಜೋಡಣೆಯಾದದ್ದು. ಅದರಲ್ಲೂ ಹಕ್ಕಿ ಮೂಲದ ಜೀನ್‌ಗಳಿದ್ದವು.

ಈಗಿನ ಎಚ್5ಎನ್1 ಕಥೆ ಶುರುವಾಗುವುದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್‌ನ ಒಂದು ಹೆಬ್ಬಾತಿನಿಂದ. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಸೋಂಕು ತಗುಲಿ 6 ಮಂದಿ ಸತ್ತರು. ಆಗಲೇ ಆ ವೈರಸ್ ಕಲಬೆರಕೆಯಾಗಿತ್ತು. ಎಚ್ ಜೀನ್ ಹೆಬ್ಬಾತಿನ ವೈರಸ್‌ನಿಂದ ಬಂದದ್ದು, ಒಳಗಿನ ಜೀನ್‌ಗಳು ಬೇರೆ ಹಕ್ಕಿ ಫ್ಲೂಗಳಿಂದ. ಹತ್ತು ಲಕ್ಷಕ್ಕೂ ಜಾಸ್ತಿ ಕೋಳಿಗಳನ್ನು ಕೊಂದು ಅದನ್ನು ಅಲ್ಲಿಗೆ ತಡೆದರು. ಆದರೆ ಅದರ ಬಳಗ ನಶಿಸಲಿಲ್ಲ. 2003ರ ನಂತರ ಒಂದಾದ ಮೇಲೊಂದು ದೇಶಕ್ಕೆ ಹಬ್ಬಿತು. 2013ರಲ್ಲಿ ಚೀನಾದಲ್ಲಿ ಕಾಣಿಸಿಕೊಂಡ ಎಚ್7ಎನ್9 ಬೇರೆಯದೇ ವೈರಸ್. ಅದರ ಒಳಗಿನ ಆರು ಜೀನ್‌ಗಳು ಎಚ್9ಎನ್2 ಎಂಬ ಸೌಮ್ಯ ಕೋಳಿ ವೈರಸ್‌ನಿಂದ ಬಂದಿದ್ದವು. ಅದು 600ಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ಕೋಳಿಗೆ ಅಷ್ಟೇನೂ ಕಾಟ ಕೊಡದ ಎಚ್9ಎನ್2ವನ್ನು ಯಾರೂ ಗಮನಿಸುವುದಿಲ್ಲ. ಆದರೆ ಬೇರೆ ವೈರಸ್‌ಗಳಿಗೆ ಜೀನ್ ಒದಗಿಸುವುದರಲ್ಲಿ ಅದೇ ಮುಂದೆ. ನನ್ನ ಪ್ರಕಾರ ಸುದ್ದಿಯಲ್ಲಿ ಸಿಗಬೇಕಾದಷ್ಟು ಜಾಗ ಅದಕ್ಕೆ ಸಿಕ್ಕಿಲ್ಲ.

ಹಾಗಾದರೆ ಎಚ್5ಎನ್1 ಇಷ್ಟು ವರ್ಷವಾದರೂ ಮನುಷ್ಯರಿಂದ ಮನುಷ್ಯರಿಗೆ ಯಾಕೆ ಸಲೀಸಾಗಿ ಹರಡಿಲ್ಲ? ಅದರ ದಾರಿಯಲ್ಲಿ ಅಡ್ಡಿಗಳಿವೆ. ಮೊದಲನೆಯದು ಬಾಗಿಲಿನಲ್ಲೇ. ಜೀವಕೋಶದ ಮೇಲಿರುವ ಸಯಾಲಿಕ್ ಆಸಿಡ್ ಎಂಬ ಸಕ್ಕರೆಯ ಅಣುವಿಗೆ ವೈರಸ್ ಅಂಟಿಕೊಳ್ಳುತ್ತದೆ. ಹಕ್ಕಿಗಳ ಕರುಳಿನಲ್ಲಿ ಈ ಸಕ್ಕರೆಯ ಕೊಂಡಿ ಒಂದು ಬಗೆಯದು, ನಮ್ಮ ಮೂಗು ಗಂಟಲಿನಲ್ಲಿ ಬಹುತೇಕ ಇನ್ನೊಂದು ಬಗೆಯದು. ಹಕ್ಕಿಯ ಬಗೆಯ ಕೊಂಡಿ ನಮ್ಮಲ್ಲಿ ಇರುವುದು ಶ್ವಾಸಕೋಶದ ತೀರಾ ಆಳದಲ್ಲಿ, ಮತ್ತೆ ಕಣ್ಣಿನ ಬಿಳಿಭಾಗವನ್ನು ಮುಚ್ಚಿರುವ ತೆಳುಪದರದ ಮೇಲೆ. ಆಳಕ್ಕೆ ಇಳಿದರೆ ಕಾಯಿಲೆ ಭಾರಿಯಾಗುತ್ತದೆ, ಆದರೆ ಅಲ್ಲಿಂದ ಕೆಮ್ಮು ಸೀನಿನ ಮೂಲಕ ಇನ್ನೊಬ್ಬರಿಗೆ ದಾಟುವುದು ಕಷ್ಟ.

ಎರಡನೆಯ ಅಡ್ಡಿ ಒಳಗೆ. ಹಕ್ಕಿಯ ಜೀವಕೋಶದಲ್ಲಿ ಚೆನ್ನಾಗಿ ಓಡುವ ವೈರಸ್‌ನ ನಕಲು ಯಂತ್ರ ನಮ್ಮ ಜೀವಕೋಶದಲ್ಲಿ ಕುಂಟುತ್ತದೆ. ಆ ಯಂತ್ರದ ಭಾಗವಾದ ಪಿಬಿ2 ಎಂಬ ಪ್ರೋಟೀನ್‌ನ 627ನೇ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ಅದು ಚುರುಕಾಗುತ್ತದೆ. ಸಸ್ತನಿಗಳಿಗೆ ದಾಟಿದ ಎಚ್5ಎನ್1ನಲ್ಲಿ ಈ ಬದಲಾವಣೆ ಮತ್ತೆ ಮತ್ತೆ ಕಂಡಿದೆ. ಬಾಗಿಲಿನ ಅಡ್ಡಿಯೂ ನಾವು ಅಂದುಕೊಂಡಷ್ಟು ಎತ್ತರದ್ದಲ್ಲ. ದನಗಳಿಂದ ಬಂದ ಒಂದು ಎಚ್5ಎನ್1ನ ಹೀಮಗ್ಲುಟಿನಿನ್‌ನಲ್ಲಿ ಒಂದೇ ಒಂದು ಬದಲಾವಣೆಯಾದರೆ ಅದು ಮನುಷ್ಯರ ಬಗೆಯ ಕೊಂಡಿಗೆ ಅಂಟಬಲ್ಲದು ಎಂದು 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಪ್ರಯೋಗ ನಡೆದದ್ದು ಬಿಡಿ ಪ್ರೋಟೀನ್ ಮೇಲೆ, ಜೀವಂತ ವೈರಸ್ ಮೇಲಲ್ಲ. ಅಂಟಿಕೊಳ್ಳುವುದೊಂದೇ ಹರಡುವುದಕ್ಕೆ ಸಾಲುವುದೂ ಇಲ್ಲ.

ರೀಅಸಾರ್ಟ್‌ಮೆಂಟ್ ಭಯ ಹುಟ್ಟಿಸುವುದು ಇಲ್ಲೇ. ಈ ಅಡ್ಡಿಗಳನ್ನು ಒಂದೊಂದೇ ಮ್ಯುಟೇಶನ್‌ನಿಂದ ದಾಟುವ ಬದಲು, ಮನುಷ್ಯರಲ್ಲಿ ಆಗಲೇ ಪಳಗಿದ ಫ್ಲೂ ವೈರಸ್‌ನಿಂದ ಬೇಕಾದ ಜೀನ್‌ಗಳನ್ನು ಒಟ್ಟಿಗೆ ಪಡೆಯಬಹುದಲ್ವಾ? ಹಂದಿಯ ಮೇಲೆ ಕಣ್ಣಿಡುವುದು ಅದಕ್ಕೇ. ಹಂದಿಗೆ ಹಕ್ಕಿಯ ಫ್ಲೂ ಕೂಡ ತಗುಲುತ್ತದೆ, ಮನುಷ್ಯರದ್ದೂ ತಗುಲುತ್ತದೆ.

ಆದರೆ ಕಳೆದ ಕೆಲವು ವರ್ಷಗಳಲ್ಲಿ ಎಲ್ಲರನ್ನೂ ಬೆಚ್ಚಿಬೀಳಿಸಿದ್ದು ಹಂದಿ ಅಲ್ಲ, ದನ. 2.3.4.4ಬಿ ಎಂಬ ಕವಲಿನ ಎಚ್5ಎನ್1 ವಲಸೆ ಹಕ್ಕಿಗಳ ಜೊತೆ ಅಟ್ಲಾಂಟಿಕ್ ದಾಟಿ 2021ರ ಕೊನೆಗೆ ಕೆನಡಾ ಮುಟ್ಟಿತು. ಉತ್ತರ ಅಮೆರಿಕದ ಹಕ್ಕಿಗಳಲ್ಲಿದ್ದ ಸೌಮ್ಯ ಫ್ಲೂ ವೈರಸ್‌ಗಳ ಜೊತೆ ಜೀನ್ ಬದಲಿಸಿಕೊಂಡಿತು. ಹಾಗೆ ಹುಟ್ಟಿದ ಬಿ3.13 ಎಂಬ ಜೋಡಣೆಯಲ್ಲಿ ಎಂಟರಲ್ಲಿ ನಾಲ್ಕು ತುಂಡು ಅಲ್ಲಿಯವೇ. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲಿನ ದನಗಳಲ್ಲಿ ಸಿಕ್ಕಿದ್ದು ಇದು. ಅದು ಬೀಡುಬಿಟ್ಟದ್ದು ಶ್ವಾಸಕೋಶದಲ್ಲಿ ಅಲ್ಲ, ಕೆಚ್ಚಲಿನಲ್ಲಿ. ಹಾಲು ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗಿತು. ಹಾಲಿನಲ್ಲಿ ವೈರಸ್ ಹೇರಳವಾಗಿತ್ತು. ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ಹಾಲು ಕರೆಯುವ ಕೆಲಸದವರಲ್ಲಿ ಹೆಚ್ಚಿನವರಿಗೆ ಆದದ್ದು ಕಣ್ಣು ಕೆಂಪಗಾಗುವಿಕೆ. ಕಣ್ಣಿನ ತೆಳುಪದರದ ಮೇಲಿರುವ ಆ ಹಕ್ಕಿ ಬಗೆಯ ಕೊಂಡಿ ನೆನಪಿದೆಯಲ್ಲ? ದನದ ಕೆಚ್ಚಲಿನಲ್ಲಿ ಎರಡೂ ಬಗೆಯ ಕೊಂಡಿಗಳಿವೆ ಎಂಬುದೂ ಆಮೇಲೆ ತಿಳಿಯಿತು. ಅಂದರೆ ಅದೂ ವೈರಸ್‌ಗಳು ಬೆರೆಯಬಹುದಾದ ಜಾಗವೇ.

2003ರಿಂದೀಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಿಗೆ ಎಚ್5ಎನ್1 ತಗುಲಿದ್ದು ದಾಖಲಾಗಿದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತಿದ್ದಾರೆ. ಈ ಅರ್ಧ ಅನ್ನೋ ಲೆಕ್ಕವನ್ನು ಹುಷಾರಾಗಿ ಓದಬೇಕು. ಆಸ್ಪತ್ರೆಗೆ ಬರದ ಸೌಮ್ಯ ಸೋಂಕುಗಳು ಲೆಕ್ಕಕ್ಕೇ ಸಿಗುವುದಿಲ್ಲ. ಹಾಗಂತ ಹಗುರವಾಗಿ ತೆಗೆದುಕೊಳ್ಳುವಂಥದ್ದೂ ಅಲ್ಲ. ಜನಸಾಮಾನ್ಯರಿಗೆ ಸದ್ಯ ಅಪಾಯ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೋಳಿ, ದನಗಳ ಜೊತೆ ಕೆಲಸ ಮಾಡುವವರಿಗೆ ಮಾತ್ರ ಸ್ವಲ್ಪ ಜಾಸ್ತಿ. ಚೆನ್ನಾಗಿ ಬೇಯಿಸಿದ ಮಾಂಸ ಮೊಟ್ಟೆಯಿಂದ, ಪಾಶ್ಚರೀಕರಿಸಿದ ಹಾಲಿನಿಂದ ಭಯವಿಲ್ಲ.

ಕೆಲಸದವರಿಗೆ ಕನ್ನಡಕ, ಮಾಸ್ಕ್, ಕೈಗವಸು ಕೊಡುವುದು, ಸತ್ತ ಹಕ್ಕಿಗಳನ್ನು ಬರಿಗೈಲಿ ಮುಟ್ಟದಿರುವುದು, ಸೋಂಕು ಬಂದರೆ ಬೇಗ ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧಿ ಶುರುಮಾಡುವುದು, ಇವೆಲ್ಲ ಗೊತ್ತಿರುವ ಕ್ರಮಗಳೇ. ಇವುಗಳ ಜೊತೆ ಇನ್ನೊಂದಿದೆ, ಮೊದಲು ಕೇಳಿದಾಗ ಅರ್ಥವಾಗದಂಥದ್ದು. ಅಮೆರಿಕದಲ್ಲಿ ಫಾರ್ಮ್ ಕೆಲಸಗಾರರಿಗೆ ಮಾಮೂಲಿ ಫ್ಲೂ ಲಸಿಕೆ ಹಾಕಿಸಲು 2024ರಲ್ಲಿ ಸರ್ಕಾರವೇ ಹಣ ಕೊಟ್ಟಿತು. ಆ ಲಸಿಕೆಯನ್ನು ಎಚ್5ಎನ್1 ತಡೆಯುವುದಕ್ಕೆಂದು ಮಾಡಿದ್ದಲ್ಲ. ಆದರೂ ಹಾಕಿಸಿದರು. ಒಬ್ಬನೇ ಮನುಷ್ಯನಲ್ಲಿ ಒಂದೇ ವಾರ ಮಾಮೂಲಿ ಫ್ಲೂ ಮತ್ತು ಹಕ್ಕಿ ಜ್ವರ ಎರಡೂ ಇರುವ ಸಾಧ್ಯತೆ ಕಡಿಮೆಯಾಗಲಿ, ಎಂಟು ತುಂಡುಗಳು ಇನ್ನೆಂಟರ ಜೊತೆ ಒಂದೇ ಜೀವಕೋಶದಲ್ಲಿ ಸೇರದಿರಲಿ ಎಂದು.