ಕನ್ನಡ ಬರುತ್ತೆ ಅಂದ ಮೇಲೆ ಕಲಿಸೋಕೂ ತರಬೇತಿ ಬೇಕಾ?

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದವಳು. ನಮ್ಮ ಬೀದಿಯಲ್ಲಿ ಕೆಲಸಕ್ಕೆ ಅಂತ ಉತ್ತರ ಭಾರತದಿಂದ ಬಂದವರು ಜಾಸ್ತಿ ಇದ್ದಾರೆ. ಸಂಜೆ ಹೊತ್ತು ಅವರಿಗೆ ಮಾತಾಡುವ ಕನ್ನಡ ಕಲಿಸೋಣ ಅಂತಿದ್ದೇನೆ. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಭಾಷೆ. ಇದಕ್ಕೂ ತರಬೇತಿ ಬೇಕಾ?

ಬೇಕು. ವರ್ಷಗಟ್ಟಲೆ ಬೇಡ, ಕೆಲವು ದಿನದ್ದಾದರೂ ಸರಿ, ಆದರೆ ಬೇಕು.

ಹುಟ್ಟಿದಾಗಿನಿಂದ ಆಡಿದ ಭಾಷೆಯಲ್ಲಿ ಏನು ಕಷ್ಟ ಅನ್ನೋದು ನಮಗೆ ಕಾಣೋದೇ ಇಲ್ಲ. ‘ಎರಡು ಬಾಳೆಹಣ್ಣು’ ಅಂತೀವಿ, ‘ಇಬ್ಬರು ಹೆಣ್ಣುಮಕ್ಕಳು’ ಅಂತೀವಿ. ಹಿಂದಿಯವರಿಗೆ ಎರಡಕ್ಕೂ ‘ದೋ’ ಒಂದೇ. ಅವರು ‘ನನಗೆ ಎರಡು ಮಗಳು’ ಅಂದಾಗ ‘ಹಾಗಲ್ಲ’ ಅನ್ನೋದು ನಮಗೆ ಥಟ್ಟನೆ ಹೊಳೆಯುತ್ತೆ, ಯಾಕೆ ಹಾಗಲ್ಲ ಅಂತ ಹೇಳೋಕೆ ಬಾಯಿ ತಡವರಿಸುತ್ತೆ. ‘ಬೆಲೆ’, ‘ಬೆಳೆ’ ಕೂಡ ಹಾಗೇ. ದೇವರಾಜ ಮಾರ್ಕೆಟ್ಟಲ್ಲಿ ನಿಂತು ಬೆಳೆ ಎಷ್ಟು ಅಂತ ಕೇಳುವವರಿಗೆ ನಾಲಿಗೆಗಿಂತ ಮೊದಲು ಕಿವಿ ಪಳಗಬೇಕು.

ನಾನು ಮೊದಲ ಸಲ ಕಲಿಸಿದ್ದು ತರಬೇತಿ ಇಲ್ಲದೇನೇ. ವಿಭಕ್ತಿ ಪ್ರತ್ಯಯದಿಂದ ಶುರು ಮಾಡಿದೆ, ಬೋರ್ಡ್ ತುಂಬ ಬರೆದೆ, ಅವರೂ ಶ್ರದ್ಧೆಯಿಂದ ಬರೆದುಕೊಂಡರು. ಒಂದು ತಿಂಗಳಾದ ಮೇಲೆ ಅವರಲ್ಲಿ ಒಬ್ಬರು ಮಂಡ್ಯಕ್ಕೆ ಹೋಗಿ ಬಂದರು. ಬಸ್ಸಲ್ಲಿ ಪಕ್ಕದ ಅಜ್ಜಿ ‘ಎಲ್ಲಿಗ್ ಹೋಯ್ತೀಯವ್ವ’ ಅಂತ ಕೇಳಿದರಂತೆ. ‘ಹೋಗುತ್ತೇನೆ, ಹೋಗುತ್ತೀಯೆ’ ಅಂತ ಪುಸ್ತಕದ ರೂಪ ಕಲಿತಿದ್ದ ಆ ಹುಡುಗಿಗೆ ಒಂದಕ್ಷರವೂ ತಿಳಿಯದೆ, ಸುಮ್ನೆ ನಕ್ಕು ಕೂತಿದ್ದಳಂತೆ. ಅದು ಅವಳ ತಪ್ಪಲ್ಲ. ನಾನು ಕನ್ನಡದ ಬಗ್ಗೆ ಹೇಳಿಕೊಟ್ಟಿದ್ದೆ, ಕನ್ನಡದಲ್ಲಿ ಮಾತಾಡಿಸಿರಲಿಲ್ಲ.

ವಾಕ್ಯ ಸರಿಯಾಗಿದ್ದರೆ ಸಾಲದು, ಯಾರ ಹತ್ತಿರ, ಯಾವಾಗ, ಹೇಗೆ ಹೇಳಬೇಕು ಅನ್ನೋದೂ ಭಾಷೆ ಬಲ್ಲವರ ತಿಳಿವಳಿಕೆಯೇ ಅಂತ ಅಮೆರಿಕದ ಭಾಷಾ ವಿದ್ವಾಂಸ ಡೆಲ್ ಹೈಮ್ಸ್ 1960ರ ದಶಕದಲ್ಲೇ ವಾದಿಸಿದ್ದರು. ನಮ್ಮಲ್ಲೇ ನೋಡಿ. ಯಾರದಾದರೂ ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅಂದರೆ ವ್ಯಾಕರಣದಲ್ಲಿ ಏನೂ ತಪ್ಪಿಲ್ಲ, ಆದರೆ ಅಜ್ಜಿ ಇದ್ದರೆ ತಕ್ಷಣ ‘ಹೋಗಿ ಬರ್ತೀನಿ ಅನ್ನು’ ಅಂತಾರೆ, ಅಲ್ವಾ? ಇದನ್ನು ಯಾವ ಪ್ರತ್ಯಯದ ಪಟ್ಟಿಯಲ್ಲಿ ಇಡ್ತೀರಿ?

ಹಾಗಾದರೆ ತರಗತಿಯಲ್ಲಿ ಮಾಡೋದೇನು? ಇದಕ್ಕೆ ನಮ್ಮ ಕಡೆಯದ್ದೇ ಒಳ್ಳೆ ಉದಾಹರಣೆ ಇದೆ. ಭಾಷೆ ಕಲಿಸುವ ವಿಧಾನಗಳ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಒಂದು ಪ್ರಯೋಗ ನಡೆಸಿದರು. ಅದು ಬೆಂಗಳೂರು ಪ್ರಾಜೆಕ್ಟ್ ಅಂತಲೇ ಹೆಸರಾಯಿತು. ವ್ಯಾಕರಣದ ಪಾಠ ಬದಿಗಿಟ್ಟು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಇಟ್ಟು ಲೆಕ್ಕ ಹಾಕಲು ಹೇಳುತ್ತಿದ್ದರು. ಗಮನವೆಲ್ಲ ಉತ್ತರ ಕಂಡುಹಿಡಿಯುವುದರ ಮೇಲೆ, ಭಾಷೆ ಅದರ ಜೊತೆಗೇ ಬರಲಿ ಅನ್ನೋದು ಅವರ ಯೋಚನೆ.

ನಿಮ್ಮ ಜಗಲಿಯಲ್ಲೇ ಇದನ್ನು ಮಾಡಬಹುದು. ಇಬ್ಬರನ್ನು ಎದುರುಬದುರು ಕೂರಿಸಿ. ಒಬ್ಬರ ಚೀಟಿಯಲ್ಲಿ ಮಂಡ್ಯದ ಬಸ್ಸುಗಳು ಹೊರಡುವ ಹೊತ್ತು, ಇನ್ನೊಬ್ಬರದರಲ್ಲಿ ಯಾವ ಬಸ್ಸು ಎಲ್ಲೆಲ್ಲಿ ನಿಲ್ಲುತ್ತೆ ಅಂತ. ಚೀಟಿ ತೋರಿಸುವ ಹಾಗಿಲ್ಲ, ಕೇಳಿಯೇ ತಿಳಿಯಬೇಕು. ಆಮೇಲೆ, 11 ಗಂಟೆಗೆ ಶ್ರೀರಂಗಪಟ್ಟಣದಲ್ಲಿ ಮದುವೆ, ಯಾವ ಬಸ್ಸು ಹತ್ತಬೇಕು ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಲಿ. ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರ ಹತ್ತಿರ ಇದ್ದಾಗ ಮಾತ್ರ ಮಾತಿಗೆ ಕಾರಣ ಹುಟ್ಟುತ್ತೆ. ‘ನಿಮ್ಮ ಹೆಸರೇನು’ ಅಂತ ಹೆಸರು ಗೊತ್ತಿರುವವರನ್ನೇ ಹತ್ತು ಸಲ ಕೇಳಿಸೋದರಲ್ಲಿ ಆ ಕಾರಣ ಇಲ್ಲ.

ನಡುವೆ ತಪ್ಪು ಬಂದೇ ಬರುತ್ತೆ. ‘ನಾನು ನಿನ್ನೆ ಬರ್ತೀನಿ’ ಅಂದರೆ ನಿಲ್ಲಿಸಿ ಪಾಠ ಮಾಡಬೇಡಿ. ‘ಓ, ನಿನ್ನೆ ಬಂದ್ರಾ? ಯಾವ ಬಸ್ಸಲ್ಲಿ?’ ಅಂತ ಮಾತು ಮುಂದುವರಿಸಿ. ಸರಿ ರೂಪ ಕಿವಿಗೆ ಬಿತ್ತು, ಮಾತೂ ಕಡಿಯಲಿಲ್ಲ. ಆಟ ಮುಗಿದ ಮೇಲೆ ಐದು ನಿಮಿಷ ವ್ಯಾಕರಣಕ್ಕೆ ಕೊಡಿ. ವ್ಯಾಕರಣ ಬೇಡವೇ ಬೇಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ, ದೊಡ್ಡವರಿಗೆ ನಿಯಮ ತಿಳಿದರೆ ಧೈರ್ಯ ಬರುತ್ತೆ.

ಇದೆಲ್ಲ ಓದಿದರೆ ಸುಲಭ. ಮಾಡುವಾಗ ನಮ್ಮ ಬಾಯಿ ಸುಮ್ಮನಿರಲ್ಲ. ಕಲಿಯುವವರು ಪದ ಹುಡುಕುತ್ತಿರುವ ಆ ನಾಲ್ಕು ಸೆಕೆಂಡು ಕಾಯೋಕೆ ಆಗದೆ ನಾವೇ ಹೇಳಿಬಿಡ್ತೀವಿ. ತರಬೇತಿ ಬೇಕಾಗಿರೋದು ಮುಖ್ಯವಾಗಿ ಇದಕ್ಕೇ. ನಾನು ಹೋದ ತರಬೇತಿಯಲ್ಲಿ ಮೊದಲ ದಿನವೇ ನಮಗ್ಯಾರಿಗೂ ಗೊತ್ತಿಲ್ಲದ ಒಂದು ಭಾಷೆಯಲ್ಲಿ ಅರ್ಧ ಗಂಟೆ ಪಾಠ ಮಾಡಿದರು, ಕನ್ನಡ ಇಲ್ಲ, ಇಂಗ್ಲಿಷ್ ಇಲ್ಲ. ಬೆವರಿಬಿಟ್ಟೆ. ಹೊಸಬರಿಗೆ ಹೇಗನಿಸುತ್ತೆ ಅಂತ ನನಗೆ ಅರ್ಥವಾದದ್ದು ಅವತ್ತೇ. ಆಮೇಲೆ ನಾವು ಒಬ್ಬೊಬ್ಬರೂ ಹತ್ತು ನಿಮಿಷ ಕಲಿಸಬೇಕಿತ್ತು, ಉಳಿದವರು ಯಾರು ಎಷ್ಟು ಹೊತ್ತು ಮಾತಾಡಿದರು ಅಂತ ಗಡಿಯಾರ ಹಿಡಿದು ಬರೆದರು. ಹತ್ತರಲ್ಲಿ ಎಂಟು ನಿಮಿಷ ನನ್ನದೇ ಮಾತು.

ಆದ್ದರಿಂದ ತರಬೇತಿಗೆ ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ನಾನು ಕಲಿಸೋದನ್ನು ಯಾರಾದರೂ ಕೂತು ನೋಡ್ತಾರಾ? ಬರೀ ಭಾಷಣ ಇದ್ದರೆ ಬೇಡ. ಮೈಸೂರಲ್ಲಿ ಇರೋದು ನಿಮ್ಮ ಅನುಕೂಲ. ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೇ ಊರಲ್ಲಿದೆ, ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯದ ಶಿಕ್ಷಕರು ಬಂದು ತಿಂಗಳುಗಟ್ಟಲೆ ಇದ್ದು ಕನ್ನಡ ಕಲಿತು ಹೋಗುತ್ತಾರೆ. ಅಲ್ಲಿ ಕಲಿಸಿ ಅನುಭವ ಇರುವವರು ಯಾರಾದರೂ ಪರಿಚಯವಾದರೆ ಒಂದು ಸಂಜೆ ನಿಮ್ಮ ಜಗಲಿಗೆ ಕರೆಯಿರಿ, ಕಾಫಿ ಕೊಟ್ಟು ಹಿಂದೆ ಕೂರಿಸಿ, ನೀವು ಪಾಠ ಶುರು ಮಾಡಿ.